ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟ ತಡವರಿಸಿದಾಗ: ಲಕ್ಷಣದಿಂದ ಕಾರಣಕ್ಕೆ ಹೋಗುವ ದೋಷ ನಿವಾರಣೆ ಕೈಪಿಡಿ

ಸಾವಿರಾರು ಜನ ಒಂದೇ ಲೋಕದೊಳಗೆ ಏಕಕಾಲಕ್ಕೆ ಆಡುವ ರೋಲ್ ಪ್ಲೇಯಿಂಗ್ ಆಟಗಳಿಗೆ ಹೊಸದಾಗಿ ಬಂದವರ ದೂರು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಆಟ ಸಿಕ್ಕಿಹಾಕಿಕೊಳ್ಳುತ್ತಿದೆ. ಈ ಒಂದು ಮಾತಿನ ಹಿಂದೆ ಕಂಪ್ಯೂಟರಿನ ಶಕ್ತಿ ಸಾಲದಿರುವುದು, ಮನೆಯ ವೈಫೈ ಹದಗೆಟ್ಟಿರುವುದು, ದೂರದ ಸರ್ವರ್ ತುಂಬಿಹೋಗಿರುವುದು ಅಥವಾ ಆಟದ ನಿಯಮವನ್ನೇ ನಾವು ದೋಷವೆಂದು ತಿಳಿದಿರುವುದು, ಇವುಗಳಲ್ಲಿ ಯಾವುದಾದರೂ ಇರಬಹುದು. ಇವನ್ನು ಬೇರ್ಪಡಿಸದೆ ಸೆಟ್ಟಿಂಗ್‌ಗಳಿಗೆ ಕೈಹಾಕಿದರೆ ಸರಿಯಿದ್ದುದೂ ಕೆಡುತ್ತದೆ. ನಾನು ಮೊದಲ ಬಾರಿ ಇಂಥ ಆಟ ಆಡಲು ಕುಳಿತಾಗ ಎರಡು ಸಂಜೆಗಳ ಕಾಲ ಗ್ರಾಫಿಕ್ಸನ್ನು ಇಳಿಸುತ್ತಲೇ ಹೋದೆ. ದೋಷವಿದ್ದದ್ದು ರೂಟರ್‌ಗೂ ನನ್ನ ಕೋಣೆಗೂ ನಡುವಿನ ಗೋಡೆಯಲ್ಲಿ. ಆ ಅನುಭವದ ನಂತರ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ನಾನು ಮಾಡುವ ಪರೀಕ್ಷೆ ಒಂದಿದೆ.

ಆಟ ತಡವರಿಸುತ್ತಿರುವಾಗಲೇ ಪಾತ್ರವನ್ನು ನಿಂತಲ್ಲೇ ನಿಲ್ಲಿಸಿ, ಮೌಸ್‌ನಿಂದ ಕ್ಯಾಮೆರಾವನ್ನು ಮಾತ್ರ ಸುತ್ತಲೂ ತಿರುಗಿಸಿ ನೋಡಿ. ಕ್ಯಾಮೆರಾವನ್ನು ತಿರುಗಿಸುವ ಕೆಲಸ ಪೂರ್ತಿಯಾಗಿ ನಿಮ್ಮ ಕಂಪ್ಯೂಟರಿನೊಳಗೇ ನಡೆಯುತ್ತದೆ, ಅದಕ್ಕೆ ಸರ್ವರ್‌ನ ಅಪ್ಪಣೆ ಬೇಕಿಲ್ಲ. ಆದ್ದರಿಂದ ದೃಶ್ಯವೇ ಎಗರೆಗರಿ ತಿರುಗಿದರೆ ದೋಷ ಯಂತ್ರದ ಕಡೆಯದು. ದೃಶ್ಯ ನುಣುಪಾಗಿ ತಿರುಗುತ್ತಿದ್ದು, ಸುತ್ತಲಿನ ಪಾತ್ರಗಳು ಮಾತ್ರ ನಿಂತಲ್ಲೇ ಓಡುವಂತೆಯೋ ಇದ್ದಕ್ಕಿದ್ದಂತೆ ಬೇರೆಡೆ ಪ್ರತ್ಯಕ್ಷವಾಗುವಂತೆಯೋ ಕಂಡರೆ ದೋಷ ಸಂಪರ್ಕದ್ದು ಅಥವಾ ಸರ್ವರ್‌ನದು. ಕೆಳಗಿನ ಭಾಗಗಳಲ್ಲಿ ಯಾವುದನ್ನು ಮೊದಲು ಓದಬೇಕೆಂಬುದು ಈ ಹತ್ತು ಸೆಕೆಂಡುಗಳ ಪರೀಕ್ಷೆಯಿಂದ ತೀರ್ಮಾನವಾಗುತ್ತದೆ.

ಬದಲಾವಣೆಗಳನ್ನು ಆರಂಭಿಸುವ ಮುನ್ನ ಈಗಿರುವ ಸೆಟ್ಟಿಂಗ್‌ಗಳ ಪರದೆಯನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಒಂದು ಬಾರಿಗೆ ಒಂದೇ ಸೆಟ್ಟಿಂಗ್ ಬದಲಿಸಿ, ಅದೇ ಜಾಗದಲ್ಲಿ ಅದೇ ಕೆಲಸವನ್ನು ಮತ್ತೆ ಮಾಡಿ ನೋಡಿ. ಊರಿನ ಚೌಕದಲ್ಲಿ ಕಂಡ ತೊಂದರೆಯನ್ನು ಖಾಲಿ ಬಯಲಿನಲ್ಲಿ ಪರೀಕ್ಷಿಸಿ ಸರಿಹೋಯಿತೆಂದು ನಂಬುವುದು ಬಹಳ ಸಾಮಾನ್ಯವಾದ ತಪ್ಪು.

ಆಟ ತೆರೆಯುವುದೇ ಇಲ್ಲ, ಅಥವಾ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ

ಕಂಪ್ಯೂಟರನ್ನು ಒಮ್ಮೆ ಮರುಪ್ರಾರಂಭಿಸಿ, ಡಿಸ್ಕ್‌ನಲ್ಲಿ ಜಾಗ ಎಷ್ಟು ಉಳಿದಿದೆಯೆಂದು ನೋಡಿ. ದೊಡ್ಡ ಅಪ್‌ಡೇಟ್ ಬಂದಾಗ ಹಳೆಯ ಫೈಲ್‌ಗಳ ಜೊತೆಗೇ ಹೊಸವನ್ನೂ ಕೆಲಕಾಲ ಇಟ್ಟುಕೊಳ್ಳಬೇಕಾಗುವುದರಿಂದ, ಜಾಗ ಸಾಲದೆ ಅಪ್‌ಡೇಟ್ ಅರ್ಧಕ್ಕೆ ನಿಂತು ಆಟ ಬಾಯಿಬಿಡದೆ ಮುಚ್ಚಿಕೊಳ್ಳುವುದುಂಟು. ನಂತರ ಲಾಂಚರ್‌ನಲ್ಲಿರುವ (ಆಟವನ್ನು ತೆರೆಯುವ ತಂತ್ರಾಂಶದಲ್ಲಿರುವ) ಫೈಲ್ ದುರಸ್ತಿಯ ಆಯ್ಕೆಯನ್ನು ಬಳಸಿ. ಅದು ಪ್ರತಿಯೊಂದು ಫೈಲನ್ನು ಮೂಲದೊಂದಿಗೆ ಹೋಲಿಸಿ, ಕೆಟ್ಟದ್ದನ್ನು ಮಾತ್ರ ಮತ್ತೆ ಇಳಿಸಿಕೊಳ್ಳುತ್ತದೆ. ಇಡೀ ಆಟವನ್ನು ಅಳಿಸಿ ಮತ್ತೆ ಹಾಕುವುದಕ್ಕೆ ಹೋಲಿಸಿದರೆ ಇದಕ್ಕೆ ತಗಲುವ ಡೇಟಾ ಬಹಳ ಕಡಿಮೆ.

ಹಿಂದೆ ತೆರೆಯುತ್ತಿದ್ದ ಆಟ ಹೊಸ ಅಪ್‌ಡೇಟ್ ನಂತರ ತೆರೆಯದಾದರೆ, ನೀವು ಸೇರಿಸಿಕೊಂಡ ಆಡ್‌ಆನ್‌ಗಳ (ಆಟಕ್ಕೆ ಹೊರಗಿನಿಂದ ಸೇರಿಸುವ ಸಣ್ಣ ತಂತ್ರಾಂಶಗಳ) ಮೇಲೆ ಮೊದಲ ಅನುಮಾನ ಇರಲಿ. ಎಲ್ಲವನ್ನೂ ನಿಷ್ಕ್ರಿಯಗೊಳಿಸಿದಾಗ ಆಟ ತೆರೆದರೆ, ಅರ್ಧದಷ್ಟನ್ನು ಮತ್ತೆ ಚಾಲೂ ಮಾಡಿ. ತೊಂದರೆ ಮರಳಿದರೆ ಆ ಅರ್ಧದಲ್ಲಿ, ಮರಳದಿದ್ದರೆ ಉಳಿದರ್ಧದಲ್ಲಿ ಹುಡುಕುತ್ತ ಹೋಗಿ. ಹೀಗೆ ಭಾಗ ಮಾಡುತ್ತ ಹೋದರೆ 32 ಆಡ್‌ಆನ್‌ಗಳ ನಡುವೆ ಅಡಗಿರುವ ಒಂದನ್ನು ಐದು ಸುತ್ತಿನಲ್ಲಿ ಹಿಡಿಯಬಹುದು.

ಶಬ್ದ ಕೇಳಿಸುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಆಟ ಸತ್ತಿಲ್ಲ, ಮಾನಿಟರ್ ತೋರಿಸಲಾಗದ ರೆಸಲ್ಯೂಶನ್‌ನಲ್ಲಿ (ಚಿತ್ರದ ಚುಕ್ಕಿಗಳ ಅಳತೆಯಲ್ಲಿ) ಅದು ತೆರೆದುಕೊಂಡಿರಬಹುದು. ಆಲ್ಟ್ ಮತ್ತು ಎಂಟರ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಎಷ್ಟೋ ಆಟಗಳು ಪೂರ್ಣ ಪರದೆಯಿಂದ ವಿಂಡೋಗೆ ಇಳಿಯುತ್ತವೆ. ಅಲ್ಲಿಂದ ರೆಸಲ್ಯೂಶನ್ ಸರಿಪಡಿಸಿಕೊಳ್ಳಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಗ್ರಾಫಿಕ್ಸ್ ಡ್ರೈವರನ್ನು (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶವನ್ನು) ಅದರ ತಯಾರಕರ ಅಧಿಕೃತ ತಾಣದಿಂದಲೇ ತಂದು ಹಾಕಿ. ಯಾವುದೋ ಡಿಎಲ್‌ಎಲ್ ಫೈಲ್ ಕಾಣೆಯಾಗಿದೆ ಎಂಬ ಸಂದೇಶ ಬಂದರೆ, ಆ ಒಂದು ಫೈಲನ್ನು ಮಾತ್ರ ಕೊಡುತ್ತೇವೆನ್ನುವ ಅಪರಿಚಿತ ತಾಣಗಳ ಕಡೆ ಹೋಗಬೇಡಿ, ಏಕೆಂದರೆ ಖಾತೆ ಕದಿಯುವ ತಂತ್ರಾಂಶಗಳು ಒಳಗೆ ನುಸುಳುವ ದಾರಿ ಅದೇ. ಅದೇ ರೀತಿ, ಆಟಕ್ಕೆ ಅಡ್ಡಿಯಾಗುತ್ತಿದೆಯೆಂದು ಆಂಟಿವೈರಸನ್ನು ಪೂರ್ತಿ ಆಫ್ ಮಾಡಬೇಡಿ. ಆಟದ ಫೋಲ್ಡರ್ ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು.

ಲಾಗಿನ್ ಆಗುತ್ತಿಲ್ಲ

ಗುಪ್ತಪದವನ್ನು ಬದಲಿಸುವ ಮೊದಲು ಆಟದ ಅಧಿಕೃತ ಸರ್ವರ್ ಸ್ಥಿತಿಯ ಪುಟ ನೋಡಿ. ಇಂಥ ಆಟಗಳ ಸರ್ವರ್‌ಗಳನ್ನು ನಿರ್ವಹಣೆಗಾಗಿ ಆಗಾಗ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ಸರದಿಯ ಸಂಖ್ಯೆ ತೋರಿಸುತ್ತಿದ್ದರೆ ಅದು ದೋಷವೇ ಅಲ್ಲ. ಅಸಹನೆಯಿಂದ ಆಟವನ್ನು ಮುಚ್ಚಿ ತೆರೆದರೆ ಬಹುಪಾಲು ಆಟಗಳಲ್ಲಿ ಸರದಿಯ ಕೊನೆಗೆ ಹೋಗಿ ನಿಲ್ಲುತ್ತೀರಿ.

ಫೋನಿನ ಆಪ್ ಕೊಡುವ ಎರಡನೇ ಹಂತದ ಸಂಕೇತವನ್ನು ಆಟ ಒಪ್ಪದಿದ್ದರೆ ಫೋನಿನ ಗಡಿಯಾರ ನೋಡಿ. ಆ ಸಂಕೇತ ಸಮಯದ ಲೆಕ್ಕದಿಂದಲೇ ಹುಟ್ಟುವಂಥದು, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಗಡಿಯಾರ ಒಂದೆರಡು ನಿಮಿಷ ಹಿಂದೆ ಅಥವಾ ಮುಂದೆ ಇದ್ದರೆ ಎಲ್ಲ ಸಂಕೇತಗಳೂ ತಪ್ಪಾಗುತ್ತವೆ. ದಿನಾಂಕ ಮತ್ತು ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಆಯ್ಕೆಗೆ ಬಿಟ್ಟರೆ ಇದು ತೀರುತ್ತದೆ.

ನೀವು ಮಾಡದ ಲಾಗಿನ್ ಬಗ್ಗೆ ಮಿಂಚಂಚೆ ಬಂದರೆ ಅಥವಾ ಸಾಮಾನುಗಳು ಮಾಯವಾಗಿದ್ದರೆ ಬೇರೆ ಪ್ರಯೋಗ ನಿಲ್ಲಿಸಿ. ಅಂಚೆಯಲ್ಲಿರುವ ಕೊಂಡಿಯನ್ನು ಒತ್ತದೆ, ಅಧಿಕೃತ ತಾಣವನ್ನು ನೀವೇ ತೆರೆದು ಗುಪ್ತಪದ ಬದಲಿಸಿ, ಬೆಂಬಲ ವಿಭಾಗಕ್ಕೆ ಬರೆಯಿರಿ. ಆಟದೊಳಗಿನ ಮಾತುಕತೆಯಲ್ಲಿ ತಾನು ಸಿಬ್ಬಂದಿಯೆಂದು ಹೇಳಿಕೊಂಡು ಗುಪ್ತಪದ ಕೇಳುವವರು ಕಳ್ಳರೇ ಹೊರತು ಸಿಬ್ಬಂದಿಯಲ್ಲ.

ದೃಶ್ಯವೇ ಎಗರುತ್ತದೆ, ಎಫ್‌ಪಿಎಸ್ ಬೀಳುತ್ತದೆ

ಕ್ಯಾಮೆರಾ ಪರೀಕ್ಷೆಯಲ್ಲಿ ಯಂತ್ರ ಸಿಕ್ಕಿಬಿದ್ದವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಎಫ್‌ಪಿಎಸ್ ಎಂದರೆ ಯಂತ್ರ ಸೆಕೆಂಡಿಗೆ ಬಿಡಿಸುವ ಚೌಕಟ್ಟುಗಳ (ಚಿತ್ರಗಳ) ಸಂಖ್ಯೆ. ಸೆಕೆಂಡಿಗೆ 60 ಚೌಕಟ್ಟು ಬೇಕಾದರೆ ಒಂದೊಂದನ್ನೂ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಬಿಡಿಸಿ ಮುಗಿಸಬೇಕು. 30 ಸಾಕೆಂದರೆ 33.3 ಮಿಲಿಸೆಕೆಂಡು ಸಿಗುತ್ತದೆ. ಕಣ್ಣಿಗೆ ತೊಂದರೆ ಕೊಡುವುದು ಕಡಿಮೆ ಸಂಖ್ಯೆಗಿಂತ ಏರಿಳಿತ. 60ರಿಂದ 25ಕ್ಕೆ ಬಿದ್ದೇಳುವ ಆಟಕ್ಕಿಂತ 40ರಲ್ಲಿ ಕಟ್ಟಿಹಾಕಿದ ಆಟ ಆಡಲು ಹಿತ, ಆದ್ದರಿಂದ ಎಫ್‌ಪಿಎಸ್ ಮಿತಿಯ ಸೆಟ್ಟಿಂಗನ್ನು ನಿಮ್ಮ ಯಂತ್ರ ಸದಾ ಮುಟ್ಟಬಲ್ಲ ಸಂಖ್ಯೆಗೆ ಇಡುವುದನ್ನು ನಾನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ.

ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಹಾಕಿದೆಯೇ ನೋಡಿ, ಬ್ಯಾಟರಿಯ ಮೇಲೆ ಓಡುವಾಗ ಯಂತ್ರ ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಲ್ಯಾಪ್‌ಟಾಪ್‌ಗಳಲ್ಲಿ ಆಟ ಕೆಲವೊಮ್ಮೆ ದುರ್ಬಲವಾದದ್ದನ್ನೇ ಹಿಡಿದುಕೊಂಡಿರುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗಳೊಳಗೆ ಗ್ರಾಫಿಕ್ಸ್ ಎಂಬ ವಿಭಾಗವಿದೆ. ಅಲ್ಲಿ ಆಟವನ್ನು ಆರಿಸಿ ಹೆಚ್ಚಿನ ಕಾರ್ಯಕ್ಷಮತೆಯ ಚಿಪ್ ಬಳಸುವಂತೆ ಸೂಚಿಸಬಹುದು. ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಆಟ ಕುಂಟುತ್ತಿದ್ದರೆ ನಾನು ಮೊದಲು ನೋಡುವ ಜಾಗ ಇದು.

ಮುಂದಿನ ಪ್ರಶ್ನೆ, ದಣಿದಿರುವುದು ಗ್ರಾಫಿಕ್ಸ್ ಚಿಪ್ಪೋ ಪ್ರೊಸೆಸರೋ ಎಂಬುದು. ರೆಸಲ್ಯೂಶನನ್ನು ತಾತ್ಕಾಲಿಕವಾಗಿ ಬಹಳ ಕೆಳಗಿಳಿಸಿ, ಅದೇ ಜಾಗದಲ್ಲಿ ಎಫ್‌ಪಿಎಸ್ ನೋಡಿ. ಸಂಖ್ಯೆ ಚೆನ್ನಾಗಿ ಏರಿದರೆ ಹೊರೆ ಗ್ರಾಫಿಕ್ಸ್ ಚಿಪ್ಪಿನ ಮೇಲಿದೆ. ಸಂಖ್ಯೆ ಕದಲದಿದ್ದರೆ ಪ್ರೊಸೆಸರ್ ಸುಸ್ತಾಗಿದೆಯೆಂದು ಅರ್ಥ, ಆಗ ಚಿತ್ರದ ಗುಣಮಟ್ಟವನ್ನು ಎಷ್ಟು ಕೆಡಿಸಿದರೂ ಪ್ರಯೋಜನವಿಲ್ಲ.

ಹೊರೆ ಗ್ರಾಫಿಕ್ಸ್ ಚಿಪ್ಪಿನದಾದರೆ ನೆರಳು, ಮಂಜು ಮತ್ತು ಬೆಳಕಿನ ಕಿರಣಗಳು, ನೀರಿನ ಪ್ರತಿಬಿಂಬ, ಈ ಕ್ರಮದಲ್ಲಿ ಒಂದೊಂದು ಮೆಟ್ಟಿಲು ಇಳಿಸಿ. ಅಷ್ಟಕ್ಕೂ ಸಾಲದಿದ್ದರೆ ರೆಂಡರ್ ಸ್ಕೇಲ್ (ದೃಶ್ಯವನ್ನು ಬಿಡಿಸುವ ಅಳತೆಯ ಶೇಕಡಾವಾರು) ಇಳಿಸಬಹುದು: ಅದನ್ನು 100ರಿಂದ 75ಕ್ಕೆ ತಂದರೆ ಅಗಲ ಎತ್ತರ ಎರಡೂ ಕುಗ್ಗುವುದರಿಂದ ಬಿಡಿಸಬೇಕಾದ ಚುಕ್ಕಿಗಳು ಸುಮಾರು ಶೇ 56ಕ್ಕೆ ಇಳಿಯುತ್ತವೆ, ಆದರೆ ಪರದೆಯ ಅಕ್ಷರಗಳು ಸ್ಪಷ್ಟವಾಗಿಯೇ ಉಳಿಯುತ್ತವೆ. 1920×1080 ಪರದೆಗೆ ಹೋಲಿಸಿದರೆ 3840×2160 ಪರದೆಗೆ ನಾಲ್ಕು ಪಟ್ಟು ಚುಕ್ಕಿಗಳು ಬೇಕೆಂಬುದನ್ನೂ ನೆನಪಿಡಿ; ದೊಡ್ಡ ಮಾನಿಟರ್ ತಂದ ದಿನದಿಂದ ಆಟ ನಿಧಾನವಾಯಿತೆನ್ನುವವರಿಗೆ ಉತ್ತರ ಅಲ್ಲಿದೆ.

ಪ್ರೊಸೆಸರ್ ಸುಸ್ತಾಗುವುದು ಈ ಬಗೆಯ ಆಟಗಳಲ್ಲಿ ಉಳಿದವುಗಳಿಗಿಂತ ಹೆಚ್ಚು. ಮಾರುಕಟ್ಟೆಯ ಚೌಕದಲ್ಲಿ ನೂರು ಜನ ಸೇರಿದಾಗ ಪ್ರತಿಯೊಬ್ಬರ ಉಡುಪು, ಆಯುಧ, ಚಲನೆ, ತಲೆಯ ಮೇಲಿನ ಹೆಸರು ಎಲ್ಲದರ ಲೆಕ್ಕವನ್ನೂ ಅದು ಇಡಬೇಕು. ಆದ್ದರಿಂದ ಕಾಡಿನಲ್ಲಿ ಸರಾಗವಾಗಿದ್ದು ಊರೊಳಗೆ ಮಾತ್ರ ಎಫ್‌ಪಿಎಸ್ ಅರ್ಧವಾದರೆ, ಒಮ್ಮೆಗೆ ತೋರಿಸುವ ಪಾತ್ರಗಳ ಸಂಖ್ಯೆ, ನೋಟದ ದೂರ, ಇತರರ ಮಂತ್ರಗಳ ಪರಿಣಾಮ ಮತ್ತು ಹೆಸರಿನ ಫಲಕಗಳನ್ನು ಕಡಿಮೆ ಮಾಡಿ. ಸಾಮಾನ್ಯ ಹೋರಾಟಕ್ಕೆ ಇವುಗಳಿಂದ ದೊಡ್ಡ ನಷ್ಟವೇನೂ ಇಲ್ಲ.

ಆಟ ಆರಂಭದಲ್ಲಿ ಚೆನ್ನಾಗಿದ್ದು ಅರ್ಧ ಗಂಟೆಯ ನಂತರ ಎಗರತೊಡಗಿದರೆ ಎರಡು ಸಾಧ್ಯತೆಗಳಿವೆ. ಒಂದು, ಗ್ರಾಫಿಕ್ಸ್ ಮೆಮೊರಿ ತುಂಬಿದೆ, ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರಗಳ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಎರಡು, ಯಂತ್ರ ಬಿಸಿಯೇರಿ ವೇಗ ತಗ್ಗಿಸಿಕೊಂಡಿದೆ, ಅದನ್ನು ಮುಂದೆ ಹೇಳುತ್ತೇನೆ. ಹೊಸ ಡ್ರೈವರ್ ಅಥವಾ ದೊಡ್ಡ ಅಪ್‌ಡೇಟ್ ಆದ ಮೇಲೆ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಕ್ಷಣಕಾಲ ತಡೆಯುತ್ತಿದ್ದರೆ ಮಾತ್ರ ಏನನ್ನೂ ಮಾಡಬೇಡಿ. ಶೇಡರ್‌ಗಳನ್ನು (ಬೆಳಕು, ಬಣ್ಣಗಳನ್ನು ಬಿಡಿಸುವ ಸಣ್ಣ ಪ್ರೋಗ್ರಾಂಗಳನ್ನು) ಯಂತ್ರ ಮೊದಲ ಸಲ ಸಿದ್ಧಪಡಿಸಿಕೊಳ್ಳುತ್ತಿರುತ್ತದೆ, ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ಆ ತಡೆ ಇರುವುದಿಲ್ಲ.

ಪಾತ್ರ ಹಿಂದಕ್ಕೆ ಜಿಗಿಯುತ್ತದೆ, ಮಂತ್ರ ತಡವಾಗಿ ತಗಲುತ್ತದೆ

ಇದು ಸಂಪರ್ಕದ ಲಕ್ಷಣ. ನಿಮ್ಮ ಕಂಪ್ಯೂಟರ್ ಪಾತ್ರವನ್ನು ಮುಂದೆ ನಡೆಸಿರುತ್ತದೆ, ಆ ಸುದ್ದಿ ಸರ್ವರ್‌ಗೆ ತಲುಪಿರುವುದಿಲ್ಲ. ಸರ್ವರ್ ತನಗೆ ಗೊತ್ತಿರುವ ಹಳೆಯ ಜಾಗಕ್ಕೆ ಪಾತ್ರವನ್ನು ಎಳೆದು ನಿಲ್ಲಿಸುತ್ತದೆ. ಇಲ್ಲಿ ಗ್ರಾಫಿಕ್ಸ್ ಇಳಿಸುವುದು ಸಂಪೂರ್ಣ ವ್ಯರ್ಥ.

ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ. ಮನೆಯಲ್ಲಿ ಯಾರಾದರೂ ವೀಡಿಯೊ ಕಳುಹಿಸುತ್ತಿದ್ದಾರೆಯೇ, ಫೋನುಗಳು ಚಿತ್ರಗಳನ್ನು ಕ್ಲೌಡ್‌ಗೆ ಏರಿಸುತ್ತಿವೆಯೇ ನೋಡಿ. ಏರಿಸುವ ದಾರಿ ಕಿಕ್ಕಿರಿದಾಗ ಆಟದ ಸಣ್ಣ ಸಣ್ಣ ಸಂದೇಶಗಳು ಅದರ ಹಿಂದೆ ಸಾಲುಗಟ್ಟಿ ಕಾಯುತ್ತವೆ. ಬಳಿಕ ಕಮಾಂಡ್ ಪ್ರಾಂಪ್ಟ್ ತೆರೆದು, ನಿಮ್ಮ ರೂಟರ್‌ನ ವಿಳಾಸಕ್ಕೆ (ಎಷ್ಟೋ ಮನೆಗಳಲ್ಲಿ ಅದು 192.168.0.1 ಅಥವಾ 192.168.1.1) ಪಿಂಗ್ ಮಾಡಿ, ಅಂದರೆ ಒಂದು ಸಣ್ಣ ಸಂದೇಶ ಹೋಗಿಬರಲು ಎಷ್ಟು ಹೊತ್ತು ಬೇಕೆಂದು ಅಳೆಯಿರಿ. ಒಂದೇ ಮನೆಯೊಳಗಿನ ಈ ಪ್ರಯಾಣಕ್ಕೆ ಕೆಲವೇ ಮಿಲಿಸೆಕೆಂಡುಗಳು ಸಾಕು. ಅದು ಆಗಾಗ 100, 200ಕ್ಕೆ ಹಾರುತ್ತಿದ್ದರೆ ತಪ್ಪು ವೈಫೈನದು, ಸಂಪರ್ಕ ಕೊಟ್ಟ ಸಂಸ್ಥೆಯದಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನೆರೆಯ ವೈಫೈಗಳ, ಬ್ಲೂಟೂತ್‌ನ ಗದ್ದಲ ಹೆಚ್ಚು. 5 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಕಡಿಮೆಯಿದ್ದರೂ ಗೋಡೆಗಳನ್ನು ದಾಟುವ ಶಕ್ತಿಯೂ ಕಡಿಮೆ. ಒಂದು ದಿನದ ಮಟ್ಟಿಗಾದರೂ ರೂಟರ್‌ನಿಂದ ನೇರವಾಗಿ ಕೇಬಲ್ ಎಳೆದು ಆಡಿ ನೋಡಿದರೆ ಸಂಶಯ ಉಳಿಯುವುದಿಲ್ಲ.

ರೂಟರ್‌ವರೆಗೆ ಎಲ್ಲವೂ ಸರಿಯಿದ್ದರೆ, ಸಂದೇಶ ಸರ್ವರ್‌ಗೆ ಹೋಗುವ ದಾರಿಯನ್ನು ತೋರಿಸುವ ಟ್ರೇಸ್‌ರೂಟ್ ಎಂಬ ಪರೀಕ್ಷೆ ಮಾಡಿ, ನಡುವಿನ ಹಂತಗಳನ್ನು ನೋಡಬಹುದು. ಇದನ್ನು ಓದುವಾಗ ಬಹಳ ಜನ ಎಡವುತ್ತಾರೆ. ಮಧ್ಯದ ಯಾವುದೋ ಹಂತದಲ್ಲಿ ಉತ್ತರ ಬರದೆ ನಕ್ಷತ್ರ ಚಿಹ್ನೆಗಳು ಕಂಡು, ಅದರ ಮುಂದಿನ ಹಂತಗಳೆಲ್ಲ ಚೆನ್ನಾಗಿ ಉತ್ತರಿಸಿದರೆ ಅದು ದೋಷವಲ್ಲ. ಆ ಉಪಕರಣ ಇಂಥ ಪರೀಕ್ಷೆಗಳಿಗೆ ಉತ್ತರಿಸುವುದನ್ನು ತಾನೇ ಬೇಡವೆಂದಿರುತ್ತದೆ, ನಿಮ್ಮ ಸಂದೇಶಗಳನ್ನು ದಾಟಿಸುತ್ತಲೇ ಇರುತ್ತದೆ. ಒಂದು ಹಂತದಿಂದ ಆರಂಭವಾದ ವಿಳಂಬ ಕೊನೆಯವರೆಗೂ ಮುಂದುವರಿದರೆ ಮಾತ್ರ ಅಲ್ಲಿ ತೊಂದರೆಯಿದೆ. ಅದು ನಿಮ್ಮ ಕೈಯಲ್ಲಿಲ್ಲ, ಫಲಿತಾಂಶವನ್ನು ಉಳಿಸಿ ಸಂಪರ್ಕ ಸಂಸ್ಥೆಗೆ ಕಳುಹಿಸಿ.

ಆಟದ ಸರ್ವರ್‌ಗೆ ಪಿಂಗ್ ಏರಿಳಿಯದೆ ಸ್ಥಿರವಾಗಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದರೆ ನೀವು ದೂರದ ಖಂಡದ ಸರ್ವರನ್ನು ಆರಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗುತ್ತದೆ, ಹಾಗಾಗಿ 10,000 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿಬರಲು ನೇರ ದಾರಿಯಲ್ಲೇ 100 ಮಿಲಿಸೆಕೆಂಡು ಬೇಕು, ನಿಜವಾದ ಕೇಬಲ್‌ಗಳ ಸುತ್ತುದಾರಿಯಲ್ಲಿ ಇನ್ನೂ ಹೆಚ್ಚು. ಪಿಂಗ್ ಇಳಿಸುತ್ತೇವೆಂದು ಮಾರುವ ಯಾವ ತಂತ್ರಾಂಶವೂ ಈ ಮಿತಿಯನ್ನು ದಾಟಲಾರದು. ಹತ್ತಿರದ ಸರ್ವರ್‌ನಲ್ಲಿ ಹೊಸ ಪಾತ್ರ ಆರಂಭಿಸುವುದೇ ಮದ್ದು. ಪಾತ್ರ ಇನ್ನೂ ಎಳೆಯದಾಗಿರುವಾಗಲೇ ಇದನ್ನು ಮಾಡಿದರೆ ಕಳೆದುಕೊಳ್ಳುವುದು ಕಡಿಮೆ.

ಕೀ ಒತ್ತಿದರೂ ಪಾತ್ರ ಕದಲುವುದಿಲ್ಲ, ಅಥವಾ ತಾನಾಗಿಯೇ ಓಡುತ್ತದೆ

ಮಾತುಕತೆಯ ಪೆಟ್ಟಿಗೆ ತೆರೆದಿದ್ದರೆ ನೀವು ಒತ್ತಿದ ಕೀಗಳೆಲ್ಲ ಅಕ್ಷರಗಳಾಗಿ ಅಲ್ಲಿ ಬೀಳುತ್ತವೆ, ಎಸ್ಕೇಪ್ ಒತ್ತಿ ಹೊರಬನ್ನಿ. ಎರಡು ಭಾಷೆಗಳಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತೊಡಕು ಕಾದಿರುತ್ತದೆ: ಆಟದ ನಡುವೆ ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿಹೋದರೆ ಕೀಬೋರ್ಡ್‌ನ ಭಾಷೆ ಬದಲಾಗುತ್ತದೆ, ಆಗ ಇಂಗ್ಲಿಷ್ ಅಕ್ಷರಗಳನ್ನೇ ನಿರೀಕ್ಷಿಸುವ ಆಟ ಯಾವ ಕೀಗೂ ಓಗೊಡದೆ ಇರಬಹುದು. ಕೀಬೋರ್ಡ್ ಕೆಟ್ಟಿತೆಂದು ಹೊಸದನ್ನು ಕೊಳ್ಳುವ ಮುನ್ನ ಇದನ್ನು ಖಂಡಿತ ನೋಡಿ.

ಪಾತ್ರ ನಿಲ್ಲದೆ ಓಡುತ್ತಿದ್ದರೆ ಸ್ವಯಂ ಓಟದ ಕೀ ಒತ್ತಿಹೋಗಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಅದಕ್ಕೆ ಮೂಲತಃ ಕೊಟ್ಟಿರುವ ಕೀ ನಮ್ ಲಾಕ್. ಗೇಮ್‌ಪ್ಯಾಡ್ ಬಳಸುವವರಲ್ಲಿ ಪಾತ್ರ ಮೆಲ್ಲಗೆ ಒಂದೇ ಕಡೆಗೆ ಜಾರಿದರೆ ಅದರ ಕಡ್ಡಿ (ಸ್ಟಿಕ್) ಸವೆದಿದೆ, ಡೆಡ್ ಝೋನ್ (ಕಡ್ಡಿಯ ಅಲ್ಪ ಚಲನೆಯನ್ನು ಆಟ ಲೆಕ್ಕಿಸದ ವಲಯ) ಸೆಟ್ಟಿಂಗನ್ನು ಸ್ವಲ್ಪ ಹೆಚ್ಚಿಸಿ.

ಮಾಡಿದ ಸೆಟ್ಟಿಂಗ್ ಮರುದಿನ ಉಳಿದಿರುವುದಿಲ್ಲ

ಹಲವು ಆಟಗಳು ಸೆಟ್ಟಿಂಗ್‌ಗಳನ್ನು ಆಟ ಮುಚ್ಚುವ ಹೊತ್ತಿಗೆ ಬರೆಯುತ್ತವೆ. ಟಾಸ್ಕ್ ಮ್ಯಾನೇಜರ್‌ನಿಂದ ಬಲವಂತವಾಗಿ ಮುಚ್ಚಿದರೆ ಅವು ಬರೆಯಲ್ಪಡುವುದೇ ಇಲ್ಲ, ಆದ್ದರಿಂದ ಮೆನುವಿನ ಮೂಲಕ ಹೊರಬಂದು ಪರೀಕ್ಷಿಸಿ. ಆಗಲೂ ಉಳಿಯದಿದ್ದರೆ ಸೆಟ್ಟಿಂಗ್ ಫೈಲ್ ಓದಲು ಮಾತ್ರ ಎಂದು ಗುರುತಾಗಿದೆಯೇ, ವಿಂಡೋಸ್‌ನ ನಿಯಂತ್ರಿತ ಫೋಲ್ಡರ್ ರಕ್ಷಣೆ ಆಟವನ್ನು ತಡೆಯುತ್ತಿದೆಯೇ, ಕ್ಲೌಡ್‌ನಲ್ಲಿರುವ ಹಳೆಯ ಪ್ರತಿ ಹೊಸದರ ಮೇಲೆ ಬಂದು ಕೂರುತ್ತಿದೆಯೇ ಎಂದು ಇದೇ ಕ್ರಮದಲ್ಲಿ ನೋಡಿ. ಸೆಟ್ಟಿಂಗ್ ಫೈಲ್ ಕೆಟ್ಟಿದೆಯೆನಿಸಿದರೆ ಅಳಿಸಬೇಡಿ, ಅದರ ಹೆಸರು ಬದಲಿಸಿ. ಆಟ ಹೊಸದೊಂದನ್ನು ಸೃಷ್ಟಿಸಿಕೊಳ್ಳುತ್ತದೆ, ಬೇಕಾದರೆ ಹಳೆಯದಕ್ಕೆ ಮರಳುವ ದಾರಿಯೂ ಉಳಿಯುತ್ತದೆ.

ಯಂತ್ರ ಕಾದು ಆರಿಹೋಗುತ್ತದೆ

ಆಡುವಾಗ ಗ್ರಾಫಿಕ್ಸ್ ಚಿಪ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವುದು ಅಸಹಜವಲ್ಲ. 90 ದಾಟಿ ಅಲ್ಲೇ ನಿಂತರೆ, ಅಥವಾ ಎಚ್ಚರಿಕೆಯಿಲ್ಲದೆ ಯಂತ್ರ ಆರಿದರೆ, ಆಟ ನಿಲ್ಲಿಸಿ. ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪನ್ನು ಗಟ್ಟಿಯಾದ ಸಮತಟ್ಟಿನ ಮೇಲಿಡಿ, ವಿದ್ಯುತ್ ಪೂರ್ತಿ ತೆಗೆದು ಗಾಳಿಯ ಕಿಂಡಿಗಳ ದೂಳನ್ನು ಸ್ವಚ್ಛ ಮಾಡಿ, ಎಫ್‌ಪಿಎಸ್ ಮಿತಿ ಹಾಕಿ. ಮಿತಿಯಿಲ್ಲದಿದ್ದರೆ ಪಾತ್ರ ಆರಿಸುವ ಖಾಲಿ ಪರದೆಯಲ್ಲೂ ಚಿಪ್ ನೂರಾರು ಚೌಕಟ್ಟುಗಳನ್ನು ಸುಮ್ಮನೆ ಬಿಡಿಸುತ್ತ ಬಿಸಿಯೇರುತ್ತದೆ.

ಸುಟ್ಟ ವಾಸನೆ ಬಂದರೆ, ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅದು ಬ್ಯಾಟರಿ ಊದಿರುವ ಅಥವಾ ಒಳಗೇನೋ ಸುಟ್ಟಿರುವ ಸೂಚನೆ: ಚಾರ್ಜ್ ಮಾಡಬೇಡಿ, ಒತ್ತಬೇಡಿ, ತಜ್ಞರಿಗೆ ಒಪ್ಪಿಸಿ. ಡೆಸ್ಕ್‌ಟಾಪಿನ ಪವರ್ ಸಪ್ಲೈ ಪೆಟ್ಟಿಗೆಯನ್ನು ಎಂದೂ ಬಿಚ್ಚಬೇಡಿ, ಅದರೊಳಗಿನ ಕೆಪಾಸಿಟರ್‌ಗಳು ವಿದ್ಯುತ್ ತೆಗೆದ ಮೇಲೂ ಅಪಾಯಕಾರಿ ವೋಲ್ಟೇಜನ್ನು ಹಿಡಿದಿಟ್ಟುಕೊಂಡಿರಬಲ್ಲವು.

ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ

ಕ್ಯಾಮೆರಾದ ಅಲುಗಾಟ ಮತ್ತು ಮೋಷನ್ ಬ್ಲರ್ (ಚಲನೆಯ ಮಸುಕು) ಎರಡನ್ನೂ ಆಫ್ ಮಾಡಿ, ನೋಟದ ಕೋನವನ್ನು ಸ್ವಲ್ಪ ಅಗಲ ಮಾಡಿ, ಮೌಸ್‌ನ ವೇಗ ತಗ್ಗಿಸಿ. ಮಂತ್ರಗಳ ಬೆಳಕು ಮಿನುಗುವಾಗ ಕಣ್ಣು ಮಂಜಾಗುವುದು, ಸ್ನಾಯು ತಾನಾಗಿ ಎಳೆಯುವುದು ಅಥವಾ ಅರೆಕ್ಷಣ ಎಚ್ಚರ ತಪ್ಪಿದಂತಾಗುವುದು ಕಂಡರೆ ಇದು ಸೆಟ್ಟಿಂಗ್‌ನ ವಿಷಯವಲ್ಲ. ಆಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಎಲ್ಲವೂ ಸರಿಯಿದೆ, ಆದರೆ ಪಾತ್ರ ಸಾಯುತ್ತಲೇ ಇರುತ್ತದೆ

ಹೊಸಬರು ಇದನ್ನೂ ಲ್ಯಾಗ್ (ತಡವರಿಕೆ) ಎಂದೇ ಕರೆಯುತ್ತಾರೆ. ಒಂದು ಕೌಶಲದ ಗುಂಡಿ ಒತ್ತಿದ ಕೂಡಲೇ ಇನ್ನೊಂದು ಗುಂಡಿ ಕೆಲಸ ಮಾಡದಿದ್ದರೆ ಅದು ಬಹುಪಾಲು ಆಟದ ನಿಯಮವೇ ಆಗಿರುತ್ತದೆ. ಒಂದು ಕೌಶಲದ ನಂತರ ಎಲ್ಲ ಮುಖ್ಯ ಕೌಶಲಗಳೂ ಒಂದಿಷ್ಟು ಹೊತ್ತು ಮುಚ್ಚಿಕೊಳ್ಳುತ್ತವೆ. ಆ ಮೂಲ ಅವಧಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 1.5 ಸೆಕೆಂಡು, ಫೈನಲ್ ಫ್ಯಾಂಟಸಿ 14ರಲ್ಲಿ 2.5 ಸೆಕೆಂಡು. ಗುಂಡಿಯ ಮೇಲೆ ನೆರಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದರೆ ಕಾಯಿರಿ, ಸಂಪರ್ಕವನ್ನು ದೂರಬೇಡಿ.

ಹೊಡೆತಕ್ಕೆ ಬಲವಿಲ್ಲವೆನಿಸಿದರೆ ಮೊದಲು ಕೌಶಲಗಳ ಪುಸ್ತಕ ತೆರೆದು, ಕಲಿತಿದ್ದರೂ ಪರದೆಯ ಪಟ್ಟಿಗೆ ಬಾರದೆ ಕುಳಿತ ಕೌಶಲಗಳಿವೆಯೇ, ಖರ್ಚಾಗದ ಅಂಕಗಳಿವೆಯೇ ನೋಡಿ. ನಂತರ ಆಯುಧದ ಹಂತವನ್ನು ಶತ್ರುವಿನ ಹಂತದೊಂದಿಗೆ ಹೋಲಿಸಿ. ಪಾತ್ರ 15ನೇ ಹಂತಕ್ಕೆ ಬಂದಿದ್ದು ಕೈಯಲ್ಲಿ ಆರಂಭದ ಕತ್ತಿಯೇ ಇದ್ದರೆ ಉತ್ತರ ಸಿಕ್ಕಿತು. ಇದು ಮುಖ್ಯ ಕತೆಯ ಕ್ವೆಸ್ಟ್‌ಗಳನ್ನು (ಆಟ ಒಪ್ಪಿಸುವ ಕೆಲಸಗಳನ್ನು) ಬಿಟ್ಟು ಅಲೆದಾಡಿದವರಲ್ಲಿ ಹೆಚ್ಚು, ಏಕೆಂದರೆ ಹೊಸ ಆಯುಧ, ಸವಾರಿ, ಊರಿಂದೂರಿಗೆ ಹೋಗುವ ಸೌಲಭ್ಯಗಳನ್ನು ಆಟಗಳು ಆ ಕತೆಯ ದಾರಿಯಲ್ಲೇ ಇಟ್ಟಿರುತ್ತವೆ. ಮೊದಲ ಪಾತ್ರಕ್ಕೆ ಏಟು ತಡೆಯಬಲ್ಲ ಅಥವಾ ತನ್ನ ಗಾಯ ತಾನೇ ಮಾಯಿಸಿಕೊಳ್ಳಬಲ್ಲ ವರ್ಗವನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ; ತಪ್ಪು ಮಾಡಿ ಕಲಿಯಲು ಅದು ಹೆಚ್ಚು ಅವಕಾಶ ಕೊಡುತ್ತದೆ.

ಗೆಳೆಯರು ಪಕ್ಕದಲ್ಲೇ ಇದ್ದೇವೆನ್ನುತ್ತಾರೆ, ಆದರೆ ಕಾಣಿಸುವುದಿಲ್ಲ ಎಂದಾದರೆ ಪ್ರದೇಶ, ಸರ್ವರ್, ಬಣ ಮೂರೂ ಒಂದೇ ಇವೆಯೇ ಹೋಲಿಸಿ. ಇದ್ದರೆ ಒಂದೇ ತಂಡಕ್ಕೆ ಸೇರಿಕೊಳ್ಳಿ, ಒಂದೇ ಜಾಗದ ಬೇರೆ ಬೇರೆ ಪ್ರತಿಗಳಲ್ಲಿ ನಿಮ್ಮನ್ನು ಇರಿಸಲಾಗಿದ್ದರೆ ಆಗ ಬಹುತೇಕ ಸರಿಹೋಗುತ್ತದೆ. ಮಾರುಕಟ್ಟೆ ತೆರೆಯದಿದ್ದರೆ, ಪತ್ರ ಕಳುಹಿಸಲಾಗದಿದ್ದರೆ, ಹಂತ ಮುಂದೇರದಿದ್ದರೆ ನಿಮ್ಮದು ಉಚಿತ ಪ್ರಯೋಗದ ಖಾತೆಯೇ ನೋಡಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಉಚಿತ ಖಾತೆಯಲ್ಲಿ ಪಾತ್ರ 20ನೇ ಹಂತಕ್ಕೆ ನಿಲ್ಲುತ್ತದೆ, ಫೈನಲ್ ಫ್ಯಾಂಟಸಿ 14ರ ಉಚಿತ ಖಾತೆಗೆ ಮಾರುಕಟ್ಟೆಯ ಫಲಕ ತೆರೆಯುವುದಿಲ್ಲ. ಈ ಬೇಲಿಗಳನ್ನು ದಾಟಿಸುತ್ತೇವೆ, ಚಿನ್ನ ಮಾರುತ್ತೇವೆ ಎನ್ನುವ ಹೊರಗಿನ ಉಪಕರಣಗಳನ್ನೂ ಜನರನ್ನೂ ದೂರವಿಡಿ. ಖಾತೆಯೇ ಶಾಶ್ವತವಾಗಿ ನಿಷೇಧವಾಗಬಹುದು.

ಬೆಂಬಲ ವಿಭಾಗಕ್ಕೆ ಬರೆಯುವಾಗ

ಮೇಲಿನ ಪರೀಕ್ಷೆಗಳ ನಂತರವೂ ದೋಷ ಉಳಿದರೆ, ಯಾವ ದಿನ ಎಷ್ಟು ಗಂಟೆಗೆ, ಯಾವ ಸರ್ವರ್‌ನಲ್ಲಿ, ಯಾವ ಜಾಗದಲ್ಲಿ, ಏನು ಮಾಡುತ್ತಿದ್ದಾಗ ಕಂಡಿತು, ದೋಷದ ಸಂಖ್ಯೆ ಏನು, ಏನೇನು ಪ್ರಯತ್ನಿಸಿದಿರಿ ಎಂಬುದನ್ನು ಬರೆದು, ಯಂತ್ರದ ವಿವರಗಳನ್ನು ಪಟ್ಟಿಮಾಡುವ ವಿಂಡೋಸ್‌ನ ಡಿಎಕ್ಸ್ ಡಯಾಗ್ ಉಪಕರಣ ಉಳಿಸಿಕೊಡುವ ವರದಿಯನ್ನು ಜೊತೆಗಿಡಿ. ಗುಪ್ತಪದವನ್ನು ಮಾತ್ರ ಎಲ್ಲಿಯೂ ಬರೆಯಬೇಡಿ. ಉತ್ತರ ಬರುವವರೆಗೆ ಆಟವನ್ನು ಅಳಿಸಿ ಮತ್ತೆ ಹಾಕುವ ಕೆಲಸಕ್ಕೆ ಹೋಗಬೇಡಿ, ಏಕೆಂದರೆ ದೋಷದ ಸುಳಿವು ಉಳಿದಿರುವ ಲಾಗ್ ಫೈಲ್‌ಗಳು ಅದರೊಂದಿಗೇ ಅಳಿಸಿಹೋಗಬಹುದು, ಮತ್ತು ಬೆಂಬಲದವರು ಮೊದಲು ಕೇಳುವುದು ಆ ಫೈಲ್‌ಗಳನ್ನೇ.